ಎಲ್ಲರ ಪ್ರಪೋಸಲ್ಲೂ ಒಂದೇ ಥರ ಇದ್ದರೆ ಸೋಲುವುದು ಯಾರು?

2024ರಲ್ಲಿ ಗೂಗಲ್ ಸಮ್ಮರ್ ಆಫ್ ಕೋಡ್‌ಗೆ 6,515 ಜನ ಸೇರಿ 10,022 ಪ್ರಪೋಸಲ್ ಕಳಿಸಿದ್ದರು. ಮರುವರ್ಷ, 2025ರಲ್ಲಿ, 15,240 ಜನ 23,559 ಪ್ರಪೋಸಲ್ ಕಳಿಸಿದರು. ಒಂದೇ ವರ್ಷದಲ್ಲಿ ಎರಡು ಪಟ್ಟಿಗೂ ಮೀರಿದ ಏರಿಕೆ. ಆಯ್ಕೆಯಾದವರ ಲೆಕ್ಕ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇದೆ: 2024ರಲ್ಲಿ 1,220, 2025ರಲ್ಲಿ 1,280. ಐದಾರು ಅರ್ಜಿದಾರರಲ್ಲಿ ಒಬ್ಬರಿಗೆ ಸಿಗುತ್ತಿದ್ದ ಅವಕಾಶ ಈಗ ಹನ್ನೆರಡು ಜನರಲ್ಲಿ ಒಬ್ಬರಿಗೆ.

ಯಾವುದೋ ಟೆಕ್ ಕಂಪನಿಯ ಬೇಸಿಗೆ ಕಾರ್ಯಕ್ರಮ, ನಮಗ್ಯಾಕೆ ಅಂತ ಪಕ್ಕಕ್ಕಿಡಬೇಡಿ. ಕಾಲೇಜಿನ ಹೆಸರು, ಸಿಜಿಪಿಎ, ಅಪ್ಪನ ಪರಿಚಯ ಯಾವುದೂ ಕೇಳದೆ, 'ನೀನು ಏನು ಮಾಡಬೇಕು ಅಂತಿದ್ದೀಯ, ಬರೆದು ಕಳಿಸು' ಎಂದು ಕೇಳುವ ಕೆಲವೇ ಕೆಲವು ಬಾಗಿಲುಗಳಲ್ಲಿ ಇದೂ ಒಂದು. ಆ ಬರಹವೇ ಪ್ರಪೋಸಲ್. ಅದರ ಬೆಲೆ ಈಗ ಕುಸಿಯುತ್ತಿದೆ. ಕುಸಿದಾಗ ಮೊದಲು ಪೆಟ್ಟು ಬೀಳುವುದು ಐಐಟಿಯ ಹುಡುಗರಿಗಲ್ಲ. ಮನೆಯಲ್ಲಿ ಮೊದಲ ಬಾರಿಗೆ ಇಂಜಿನಿಯರಿಂಗ್ ಮೆಟ್ಟಿಲು ಹತ್ತಿದವರಿಗೆ.

ಮೊದಲು ಇದೇನು ಅಂತ ನೋಡೋಣ

ಸಮ್ಮರ್ ಆಫ್ ಕೋಡ್ ಶುರುವಾಗಿದ್ದು 2005ರಲ್ಲಿ. ಗೂಗಲ್ ದುಡ್ಡು ಕೊಡುತ್ತದೆ, ಆದರೆ ಕೆಲಸ ಗೂಗಲ್‌ಗಲ್ಲ. ಲಿಬ್ರೆಆಫೀಸ್, ಕೆಡಿಇ, ವಿಕಿಮೀಡಿಯಾದಂಥ ಓಪನ್ ಸೋರ್ಸ್ ಸಂಸ್ಥೆಗಳು 'ಈ ವರ್ಷ ನಮ್ಮಲ್ಲಿ ಇಂತಿಂಥ ಕೆಲಸ ಬಾಕಿ ಇದೆ' ಎಂದು ಪಟ್ಟಿ ಹಾಕುತ್ತವೆ. ಅದರಲ್ಲೊಂದನ್ನು ಹಿಡಿದು, ಅಥವಾ ಸ್ವಂತ ಐಡಿಯಾ ಇಟ್ಟುಕೊಂಡು, ಹೇಗೆ ಮಾಡುತ್ತೇನೆ ಎಂದು ಬರೆದು ಕಳಿಸಬೇಕು. ಒಬ್ಬರು ಹೆಚ್ಚೆಂದರೆ ಮೂರು ಪ್ರಪೋಸಲ್ ಕಳಿಸಬಹುದು. ಕೆಲಸದ ಗಾತ್ರ 90, 175 ಅಥವಾ 350 ಗಂಟೆ. 2022ರಿಂದ ವಿದ್ಯಾರ್ಥಿಯೇ ಆಗಿರಬೇಕು ಅಂತಲೂ ಇಲ್ಲ. ಹದಿನೆಂಟು ತುಂಬಿದ, ಓಪನ್ ಸೋರ್ಸ್‌ಗೆ ಹೊಸಬರಾದ ಯಾರಾದರೂ ಸರಿ. ಆದರೂ ನಮ್ಮಲ್ಲಿ ಇದು ಕಾಲೇಜು ಹುಡುಗ ಹುಡುಗಿಯರ ಕಾರ್ಯಕ್ರಮವೇ.

ಗೌರವಧನ ದೇಶ ನೋಡಿ ಬದಲಾಗುತ್ತದೆ. 350 ಗಂಟೆಯ ಕೆಲಸಕ್ಕೆ 3,000 ಡಾಲರ್‌ನಿಂದ 6,600 ಡಾಲರ್‌ವರೆಗಿನ ಶ್ರೇಣಿ ಇದೆ. ಭಾರತ ಇರುವುದು ಕೆಳತುದಿಯಲ್ಲಿ. ಅದೇ ಕೋಡ್, ಅದೇ ಗಂಟೆ, ಅರ್ಧ ದುಡ್ಡು. ಆದರೂ ನಮ್ಮ ಲೆಕ್ಕದಲ್ಲಿ ಎರಡೂವರೆ ಲಕ್ಷ ರೂಪಾಯಿ ದಾಟುತ್ತದೆ. ಕಾಲೇಜು ಫೀಸಿಗೆ ಸಾಲ ಮಾಡಿದ ಮನೆಗೆ ಇದು ಸಣ್ಣ ಮೊತ್ತ ಅಲ್ಲ.

ಈ ದುಡ್ಡು ಹೋಗುವುದು ಕೋಡ್ ಬರೆಯುವವರಿಗೆ. ಪ್ರಪೋಸಲ್ ಓದಿ, ಆಯ್ಕೆ ಮಾಡಿ, ಮೂರು ತಿಂಗಳು ಕೈ ಹಿಡಿದು ನಡೆಸುವ ಮೆಂಟರ್‌ಗಳಿಗೆ ಗೂಗಲ್ ಸಂಬಳ ಕೊಡುವುದಿಲ್ಲ. ಬಹುಪಾಲು ಮೆಂಟರ್‌ಗಳು ತಮ್ಮ ನೌಕರಿ, ಸಂಸಾರದ ಮಧ್ಯೆ ರಾತ್ರಿ ಕೂತು ಇದನ್ನು ಮಾಡುವವರು. ಹಾಗಾಗಿ ಈ ಇಡೀ ವ್ಯವಸ್ಥೆಯಲ್ಲಿ ಅತಿ ಅಭಾವದ ವಸ್ತು ದುಡ್ಡಲ್ಲ, ಮೆಂಟರ್‌ಗಳ ಸಮಯ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಮಗೆ ಪ್ರಪೋಸಲ್ ಬರೆಯಲು ಕಲಿಸಿದವರು ಯಾರು?

ಕರ್ನಾಟಕದಲ್ಲಿ ಇಂಜಿನಿಯರಿಂಗ್ ಓದಿದ ಯಾರನ್ನೇ ಕೇಳಿ, ಕೊನೇ ವರ್ಷದ ಪ್ರಾಜೆಕ್ಟ್ ಸಿನಾಪ್ಸಿಸ್ ಹೇಗೆ ತಯಾರಾಯಿತು ಅಂತ. ನಾನು ಓದುವಾಗ ಸೀನಿಯರ್‌ಗಳ ಪೆನ್‌ಡ್ರೈವ್‌ನಿಂದ ಬರುತ್ತಿತ್ತು. ತಲೆಬರಹ ಬದಲು, ಗೈಡ್ ಹೆಸರು ಬದಲು, ಉಳಿದದ್ದು ಹಾಗೇ. ದುಡ್ಡಿದ್ದವರಿಗೆ ಪ್ರಾಜೆಕ್ಟ್ ಸೆಂಟರ್‌ಗಳು. ಅಲ್ಲಿ ಕೋಡ್, ರಿಪೋರ್ಟು, ಪಿಪಿಟಿ, ವೈವಾದಲ್ಲಿ ಕೇಳಬಹುದಾದ ಪ್ರಶ್ನೆಗಳ ಪಟ್ಟಿ ಎಲ್ಲ ಒಂದೇ ಪ್ಯಾಕೇಜು. ಸಿನಾಪ್ಸಿಸ್ ಅನ್ನೋದು ಸಹಿ ಹಾಕಿಸಿಕೊಳ್ಳುವ ಕಾಗದ. ಅದನ್ನು ಓದಿ ಯಾರಾದರೂ 'ಇದು ಯಾಕೆ ಹೀಗೆ? ಇಲ್ಲಿ ಕೈಕೊಟ್ಟರೆ ಏನು ಮಾಡ್ತೀಯ?' ಎಂದು ಕೇಳುತ್ತಾರೆ ಅನ್ನುವ ನಿರೀಕ್ಷೆಯೇ ಇರಲಿಲ್ಲ.

ಇದರ ಜೊತೆಗೆ ಇನ್ನೊಂದು ಪಾಠವನ್ನೂ ಕಾಲೇಜು ಕಲಿಸುತ್ತದೆ: ಮೇಲಿನವರನ್ನು ಪ್ರಶ್ನೆ ಕೇಳಬಾರದು, ಕೇಳಿದರೂ ತಗ್ಗಿಬಗ್ಗಿ ಕೇಳಬೇಕು. ಓಪನ್ ಸೋರ್ಸ್ ಸಮುದಾಯಗಳಿಗೆ ನಮ್ಮವರು ಕಳಿಸುವ ಮೊದಲ ಸಂದೇಶ ನೋಡಿ: 'ರೆಸ್ಪೆಕ್ಟೆಡ್ ಸರ್, ಐ ಆಮ್ ವೆರಿ ಇಂಟರೆಸ್ಟೆಡ್ ಇನ್ ಯುವರ್ ಪ್ರಾಜೆಕ್ಟ್, ಪ್ಲೀಸ್ ಗೈಡ್ ಮಿ.' ಇದನ್ನು ಬರೆದವರು ದಡ್ಡರಲ್ಲ. ಇಪ್ಪತ್ತು ವರ್ಷ ಎಲ್ಲ ಕಡೆ ಕೆಲಸ ಮಾಡಿದ ಭಾಷೆ ಇಲ್ಲೂ ಕೆಲಸ ಮಾಡುತ್ತದೆ ಅಂದುಕೊಂಡಿದ್ದಾರೆ ಅಷ್ಟೇ. ಆದರೆ ಆ ಕಡೆ ಕೂತ ಮೆಂಟರ್‌ಗೆ ಬೇಕಿರುವುದು ಗೌರವ ಅಲ್ಲ, ಒಂದು ನಿರ್ದಿಷ್ಟ ಪ್ರಶ್ನೆ. 'ನಿಮ್ಮ ಸಾಫ್ಟ್‌ವೇರನ್ನು ನನ್ನ ಲ್ಯಾಪ್‌ಟಾಪ್‌ನಲ್ಲಿ ಬಿಲ್ಡ್ ಮಾಡಿದೆ, ಈ ಹಂತದಲ್ಲಿ ಈ ಎರರ್ ಬಂತು, ಹೀಗೆ ಮಾಡಿ ನೋಡಿದೆ, ಆಗಲಿಲ್ಲ' ಅನ್ನುವ ಮೂರು ಸಾಲು ಬಂದರೆ ಅವರು ಉತ್ತರ ಕೊಡುತ್ತಾರೆ. ಅಂಥ ಹತ್ತು ಉತ್ತರಗಳ ನಂತರ ಬರೆದದ್ದೇ ಒಳ್ಳೆಯ ಪ್ರಪೋಸಲ್ ಆಗುವುದು. ಅದು ಸಂಭಾಷಣೆ ಶುರು ಮಾಡುವ ಕಾಗದ ಅಲ್ಲ, ಈಗಾಗಲೇ ನಡೆದ ಸಂಭಾಷಣೆಯ ಸಾರಾಂಶ.

ಎಐ ಬಂದ ಮೇಲೆ ಬದಲಾದದ್ದು

ಮೊದಲೆಲ್ಲ ಹತ್ತು ಪುಟದ ಪ್ರಪೋಸಲ್ ಇಂಗ್ಲಿಷಿನಲ್ಲಿ ಬರೆಯುವುದೇ ಒಂದು ಜರಡಿ. ಕನ್ನಡ ಮೀಡಿಯಂನಿಂದ ಬಂದವರು ಅಲ್ಲೇ ಅರ್ಧ ಸೋಲುತ್ತಿದ್ದರು. ಚಾಟ್‌ಜಿಪಿಟಿಯಂಥವು ಬಂದು ಆ ಜರಡಿಯನ್ನು ಹರಿದು ಹಾಕಿವೆ. ಇದರಲ್ಲಿ ನಿಜಕ್ಕೂ ಖುಷಿಪಡುವ ವಿಷಯ ಇದೆ. ತನ್ನ ತಲೆಯಲ್ಲಿರುವುದನ್ನು ಸರಿಯಾದ ಇಂಗ್ಲಿಷಿಗೆ ತಿದ್ದಿಕೊಳ್ಳಲು ರಾಯಚೂರಿನ ಹುಡುಗಿಯೊಬ್ಬಳು ಎಐ ಬಳಸಿದರೆ ಅದನ್ನು ಮೋಸ ಅನ್ನುವ ಹಕ್ಕು, ಕಾನ್ವೆಂಟಿನಲ್ಲಿ ಓದಿದ ಯಾರಿಗೂ ಇಲ್ಲ.

ತೊಂದರೆ ಶುರುವಾಗುವುದು ತಲೆಯಲ್ಲಿ ಏನೂ ಇಲ್ಲದೆ ಬರೆಸಿದಾಗ. ಸಂಸ್ಥೆಯ ಐಡಿಯಾ ಪಟ್ಟಿಯಿಂದ ಒಂದು ಪ್ಯಾರಾ ಕಾಪಿ ಮಾಡಿ, 'ಇದಕ್ಕೊಂದು ಪ್ರಪೋಸಲ್ ಬರಿ' ಅಂದರೆ ಎರಡು ನಿಮಿಷದಲ್ಲಿ ಹನ್ನೆರಡು ವಾರಗಳ ವೇಳಾಪಟ್ಟಿ ಸಮೇತ ಎಲ್ಲ ಸಿದ್ಧ. ಭಾಷೆ ನುಣುಪು, ಶೀರ್ಷಿಕೆಗಳು ಅಚ್ಚುಕಟ್ಟು, ಒಳಗೆ ಗಾಳಿ. ಅರ್ಜಿಗಳ ಏರಿಕೆಗೆ ಎಐ ಒಂದೇ ಕಾರಣ ಅಂತ ನಾನು ಹೇಳಲ್ಲ. ಕ್ಯಾಂಪಸ್ ನೇಮಕಾತಿ ಕುಗ್ಗಿದ ಮೇಲೆ ರೆಸ್ಯೂಮೆಗೆ ಒಂದು ಸಾಲು ಸೇರಿಸುವ ಹಪಾಹಪಿ ಎಲ್ಲರಲ್ಲೂ ಹೆಚ್ಚಿದೆ. ಆದರೆ ಪ್ರಪೋಸಲ್ ಬರೆಯುವ ಶ್ರಮ ಸೊನ್ನೆಗೆ ಇಳಿದು, ಓದುವ ಶ್ರಮ ಅಷ್ಟೇ ಉಳಿದರೆ ಭಾರ ಬೀಳುವುದು ಮೇಲೆ ಹೇಳಿದ ಅದೇ ಅಭಾವದ ವಸ್ತುವಿನ ಮೇಲೆ.

ಇದರ ಟ್ರೇಲರ್ ನಾವು 2020ರಲ್ಲೇ ನೋಡಿದ್ದೇವೆ. ಹ್ಯಾಕ್ಟೋಬರ್‌ಫೆಸ್ಟ್ ಅನ್ನುವ ಕಾರ್ಯಕ್ರಮದಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ ಹಾಕಿದರೆ ಟೀ ಶರ್ಟ್ ಸಿಗುತ್ತಿತ್ತು. ಆ ಅಕ್ಟೋಬರ್‌ನಲ್ಲಿ ಜಗತ್ತಿನ ದೊಡ್ಡ ದೊಡ್ಡ ಪ್ರಾಜೆಕ್ಟ್‌ಗಳಿಗೆ ಅರ್ಥವಿಲ್ಲದ ತಿದ್ದುಪಡಿಗಳ ಮಳೆಯೇ ಸುರಿಯಿತು. ರೀಡ್‌ಮಿ ಫೈಲ್‌ನಲ್ಲಿ ಒಂದು ವಿಶೇಷಣ ಸೇರಿಸಿ ಕಳಿಸಿದವರೂ ಇದ್ದರು. ಕೊನೆಗೆ ಆಯೋಜಿಸಿದ್ದ ಡಿಜಿಟಲ್‌ಓಶನ್ ಕಂಪನಿ ತಿಂಗಳ ನಡುವೆಯೇ ನಿಯಮ ಬದಲಿಸಿ, ಒಪ್ಪಿಗೆ ಕೊಟ್ಟ ಪ್ರಾಜೆಕ್ಟ್‌ಗಳಿಗೆ ಮಾತ್ರ ಸೀಮಿತಗೊಳಿಸಿತು. ಆ ಮಳೆಯಲ್ಲಿ ನಮ್ಮ ದೇಶದ ಪಾಲು ದೊಡ್ಡದೇ ಇತ್ತು. ಅದರ ನೆಪದಲ್ಲಿ ಭಾರತದ ವಿದ್ಯಾರ್ಥಿಗಳ ಬಗ್ಗೆ ಆಡಬಾರದ ಮಾತೂ ಕೇಳಿಬಂತು.

ಮೆಂಟರ್‌ಗಳು ಈಗ ಏನು ಮಾಡುತ್ತಾರೆ? ಬರಹ ನಂಬಲಾಗದಿದ್ದಾಗ ಮನುಷ್ಯ ಪರಿಚಯ ನಂಬುತ್ತಾನೆ. ಆರು ತಿಂಗಳಿಂದ ನಮ್ಮ ಚಾಟ್‌ನಲ್ಲಿ ಇರುವವರು ಯಾರು? ಈಗಾಗಲೇ ಐದಾರು ಪ್ಯಾಚ್ ಕೊಟ್ಟವರು ಯಾರು? ಹೋದ ವರ್ಷದ ಒಳ್ಳೆಯ ಹುಡುಗ ಯಾವ ಕಾಲೇಜಿನವನು, ಅಲ್ಲಿಂದ ಈ ಸಲ ಯಾರಾದರೂ ಬಂದಿದ್ದಾರಾ? ಇವು ತಪ್ಪು ಪ್ರಶ್ನೆಗಳಲ್ಲ. ಮೆಂಟರ್ ಜಾಗದಲ್ಲಿ ನಾನಿದ್ದರೂ ಇದನ್ನೇ ಕೇಳುತ್ತಿದ್ದೆ. ಆದರೆ ಪರಿಣಾಮ ನೋಡಿ: ಆರು ತಿಂಗಳು ಸಂಬಳವಿಲ್ಲದೆ ಪ್ಯಾಚ್ ಹಾಕುವ ಪುರುಸೊತ್ತು ಯಾರಿಗಿದೆ? ರಜೆಯಲ್ಲಿ ಊರಿಗೆ ಹೋಗಿ ಹೊಲದ ಕೆಲಸಕ್ಕೆ ನಿಲ್ಲುವವರಿಗಾ? ಸಂಜೆ ಡೆಲಿವರಿ ಮಾಡಿ ಪಿಜಿ ಬಾಡಿಗೆ ಕಟ್ಟುವವರಿಗಾ? ಎಂಟು ಗಂಟೆಗೆ ಹಾಸ್ಟೆಲ್ ಗೇಟ್ ಹಾಕಿ ವೈಫೈ ಆಫ್ ಮಾಡುವ ಕಾಲೇಜಿನ ಹುಡುಗಿಯರಿಗಾ?

ಇಂಗ್ಲಿಷಿನ ಜರಡಿ ಹರಿದದ್ದೇನೋ ನಿಜ. ಅದರ ಜಾಗದಲ್ಲಿ ಬಿಡುವಿನ ಜರಡಿ ಬಂದು ಕೂತಿದೆ.

ಹಾಗಾದರೆ ಈಗ ಬರೆಯುವುದು ಹೇಗೆ?

ಮಾರ್ಚ್ ತಿಂಗಳ ಹೊತ್ತಿಗೆ ಅರ್ಜಿ ಹಾಕುವವರು ಈ ಪುಟ ಓದುವವರಲ್ಲೂ ಇದ್ದೀರಿ. ನಿಮಗೆ ಒಂದು ಉದಾಹರಣೆ ಕೊಡುತ್ತೇನೆ. ಉದಾಹರಣೆ ಕಲ್ಪಿತ, ಸಮಸ್ಯೆ ನಿಜದ್ದು.

ಲಿಬ್ರೆಆಫೀಸ್, ಫೈರ್‌ಫಾಕ್ಸ್‌ಗಳಲ್ಲಿ ಕಾಗುಣಿತ ತಿದ್ದಲು ಹನ್‌ಸ್ಪೆಲ್ ಎಂಬ ಓಪನ್ ಸೋರ್ಸ್ ತಂತ್ರಾಂಶ ಬಳಕೆಯಲ್ಲಿದೆ. ಅದಕ್ಕೆ ಎರಡು ಫೈಲ್ ಬೇಕು. ಒಂದರಲ್ಲಿ ಮೂಲ ಪದಗಳು, ಇನ್ನೊಂದರಲ್ಲಿ ಪ್ರತ್ಯಯ ಹಚ್ಚುವ ನಿಯಮಗಳು. ಇಂಗ್ಲಿಷಿಗೆ ಇದು ಸುಲಭ. ಕನ್ನಡದಲ್ಲಿ 'ಮನೆ' ಅನ್ನುವ ಒಂದೇ ಪದ ಮನೆಯಲ್ಲಿ, ಮನೆಗೂ, ಮನೆಯಿಂದಲೇ, ಮನೆಗಳಲ್ಲಿಯೂ ಎಂದು ಬೆಳೆಯುತ್ತಲೇ ಹೋಗುತ್ತದೆ. 'ಹೋಗಬೇಕಾಗಿದ್ದರಿಂದ' ಥರದ ಕ್ರಿಯಾಪದಗಳ ಕಥೆ ಕೇಳಲೇಬೇಡಿ. ನಿಯಮಗಳು ಸಾಲದಿದ್ದರೆ ಸರಿ ಇರುವ ಪದಕ್ಕೂ ಕೆಂಪು ಗೆರೆ ಬೀಳುತ್ತದೆ.

ಈ ಸಮಸ್ಯೆಗೆ ಎಐ ಬರೆದುಕೊಡುವ ಪ್ರಪೋಸಲ್ ಹೀಗಿರುತ್ತದೆ: 'ಕನ್ನಡ ಐದು ಕೋಟಿ ಜನರ ಭಾಷೆ. ಅತ್ಯಾಧುನಿಕ ತಂತ್ರಜ್ಞಾನ ಬಳಸಿ ದೃಢವಾದ ಕಾಗುಣಿತ ಪರೀಕ್ಷಕ ನಿರ್ಮಿಸುತ್ತೇನೆ. ಒಂದನೇ ವಾರ: ಸಂಶೋಧನೆ. ಎರಡನೇ ವಾರ: ವಿನ್ಯಾಸ.' ಕನ್ನಡದ ಜಾಗದಲ್ಲಿ ತೆಲುಗು ಹಾಕಿದರೂ ಒಂದಕ್ಷರ ಬದಲಾಗಬೇಕಿಲ್ಲ.

ಕೂತು ಕೆಲಸ ಮಾಡಿದವರ ಪ್ರಪೋಸಲ್ ಬೇರೆಯೇ ಇರುತ್ತದೆ. ಅದರಲ್ಲಿ, ಒಂದು ಪತ್ರಿಕಾ ಲೇಖನವನ್ನು ಈಗಿನ ತಂತ್ರಾಂಶಕ್ಕೆ ಕೊಟ್ಟು, ಯಾವ ಸರಿಯಾದ ಪದಗಳಿಗೆ ಕೆಂಪು ಗೆರೆ ಬಿತ್ತು ಎಂದು ಎಣಿಸಿದ ಪಟ್ಟಿ ಇರುತ್ತದೆ. ಅವುಗಳಲ್ಲಿ ವಿಭಕ್ತಿಯ ಸಮಸ್ಯೆ ಎಷ್ಟು, ಸಂಧಿಯದ್ದೆಷ್ಟು ಎಂಬ ವಿಂಗಡಣೆ ಇರುತ್ತದೆ. ಈ ಮೂರು ಬಗೆಯ ನಾಮಪದಗಳಿಗೆ ನಿಯಮ ಬರೆಯುತ್ತೇನೆ, ಕ್ರಿಯಾಪದ ಈ ಬೇಸಿಗೆಯಲ್ಲಿ ಮುಟ್ಟುವುದಿಲ್ಲ ಎಂಬ ಗಡಿ ಇರುತ್ತದೆ. ಹಿಂದೆ ಯಾರು ಇದಕ್ಕೆ ಕೈ ಹಾಕಿದ್ದರು, ಎಲ್ಲಿ ನಿಂತಿತು ಎಂಬ ಮಾಹಿತಿ ಇರುತ್ತದೆ. ನನ್ನನ್ನು ಕೇಳಿದರೆ 'ಇದನ್ನು ಮಾಡುವುದಿಲ್ಲ' ಅನ್ನುವ ಭಾಗವೇ ಇಡೀ ಪ್ರಪೋಸಲ್‌ನ ಜೀವ. ಏನು ಬಿಡಬೇಕು ಅಂತ ಹೇಳಲು ಸಮಸ್ಯೆಯ ಒಳಗೆ ಹೋಗಿ ಬಂದಿರಲೇಬೇಕು.

ವೇಳಾಪಟ್ಟಿಯಲ್ಲೂ ಅಷ್ಟೇ. 350 ಗಂಟೆಯನ್ನು ಹನ್ನೆರಡು ವಾರಕ್ಕೆ ಹಂಚಿದರೆ ವಾರಕ್ಕೆ ಸುಮಾರು 30 ಗಂಟೆ. ಆ ಅವಧಿಯಲ್ಲಿ ಸೆಮಿಸ್ಟರ್ ಪರೀಕ್ಷೆ ಇದ್ದರೆ ಮುಚ್ಚಿಡಬೇಡಿ. 'ಈ ಎರಡು ವಾರ ಪರೀಕ್ಷೆ, ಕೆಲಸ ಕಡಿಮೆ. ಮುಂದೆ ಹೀಗೆ ಸರಿದೂಗಿಸುತ್ತೇನೆ' ಅಂತ ಬರೆದರೆ ಅಂಕ ಹೋಗಲ್ಲ, ನಂಬಿಕೆ ಬರುತ್ತದೆ. ಬಾಯಿಪಾಠದ ವೇಳಾಪಟ್ಟಿಗಳಲ್ಲಿ ಯಾರಿಗೂ ಪರೀಕ್ಷೆ ಇರುವುದಿಲ್ಲ, ಜ್ವರ ಬರುವುದಿಲ್ಲ, ಕೋಡ್ ಕೈಕೊಡುವುದಿಲ್ಲ.

ಇನ್ನೊಂದು ಮಾತು. ಮೂರು ಪ್ರಪೋಸಲ್ ಕಳಿಸಲು ಅವಕಾಶ ಇದೆ ಅಂತ ಮೂರನ್ನೂ ಕಳಿಸಬೇಕಿಲ್ಲ. ಒಂದು ಸಂಸ್ಥೆಯ ಒಳಹೊಕ್ಕು ಬರೆದ ಒಂದು ಪ್ರಪೋಸಲ್, ಹೊರಗೆ ನಿಂತು ಬರೆದ ಮೂರಕ್ಕಿಂತ ತೂಕದ್ದು.

ಮೊರಟುವದವರು ಏನು ಮಾಡಿದರು?

ಇಲ್ಲಿಯವರೆಗೆ ಹೇಳಿದ್ದೆಲ್ಲ ಒಬ್ಬೊಬ್ಬರೇ ಮಾಡುವ ಕೆಲಸ. ಆದರೆ ಬಿಡುವಿನ ಜರಡಿಯನ್ನು ಒಬ್ಬರೇ ದಾಟಲು ಆಗುವುದಿಲ್ಲ.

ಸಮ್ಮರ್ ಆಫ್ ಕೋಡ್‌ನ ಮೊದಲ ದಶಕದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ವಿದ್ಯಾರ್ಥಿಗಳನ್ನು ಕಳಿಸಿದ ವಿಶ್ವವಿದ್ಯಾಲಯ ಯಾವುದು ಗೊತ್ತಾ? ಅಮೆರಿಕದ್ದಲ್ಲ, ನಮ್ಮ ಐಐಟಿಯೂ ಅಲ್ಲ. ಶ್ರೀಲಂಕಾದ ಮೊರಟುವ ವಿಶ್ವವಿದ್ಯಾಲಯ. ಅದು ಸರ್ಕಾರಿ ವಿಶ್ವವಿದ್ಯಾಲಯ. ಲಂಕಾ ಸಾಫ್ಟ್‌ವೇರ್ ಫೌಂಡೇಶನ್ ಎಂಬ ಸಂಸ್ಥೆ ಆ ದೇಶದಲ್ಲಿ ಅಪಾಚೆಯಂಥ ಜಾಗತಿಕ ಓಪನ್ ಸೋರ್ಸ್ ಸಮುದಾಯಗಳ ಜೊತೆ ನಂಟು ಬೆಳೆಸಿತ್ತು. 2004ರ ಸುನಾಮಿ ಬಂದಾಗ ಕಾಣೆಯಾದವರನ್ನು ಹುಡುಕಲು, ಪರಿಹಾರ ಶಿಬಿರ ನಿಭಾಯಿಸಲು 'ಸಹನ' ಎಂಬ ಓಪನ್ ಸೋರ್ಸ್ ತಂತ್ರಾಂಶ ಹುಟ್ಟಿದ್ದು ಅಲ್ಲಿಯೇ. ಮುಂದೆ ಆ ಸಹನವೇ ಸಮ್ಮರ್ ಆಫ್ ಕೋಡ್‌ನಲ್ಲಿ ಮೆಂಟರ್ ಸಂಸ್ಥೆಯೂ ಆಯಿತು. ಅಂಥ ವಾತಾವರಣದಲ್ಲಿ ಓದುವ ಹುಡುಗಿಗೆ ಪ್ರಪೋಸಲ್ ಹೇಗಿರಬೇಕು ಎಂದು ತೋರಿಸಲು ಪಕ್ಕದ ಬೆಂಚಿನಲ್ಲೇ ಒಬ್ಬ ಸೀನಿಯರ್ ಇರುತ್ತಾರೆ.

ಪಕ್ಕದ ಕೇರಳ ನೋಡಿ. ಅಲ್ಲಿನ ಸರ್ಕಾರಿ ಶಾಲೆಗಳು 2000ದ ದಶಕದಲ್ಲೇ ಸ್ವತಂತ್ರ ತಂತ್ರಾಂಶಕ್ಕೆ ಹೊರಳಿದವು. ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಎಂಬ ಭಾಷಾ ಸಮುದಾಯ 2013ರಲ್ಲಿ ಸ್ವತಃ ಮೆಂಟರ್ ಸಂಸ್ಥೆಯಾಗಿ ಸಮ್ಮರ್ ಆಫ್ ಕೋಡ್‌ನಲ್ಲಿ ಕೂತಿತ್ತು. ಮಲಯಾಳಂ ತಂತ್ರಾಂಶದ ಯಾವ ಸಮಸ್ಯೆ ಮೊದಲು ಬಗೆಹರಿಯಬೇಕು ಅಂತ ಪಟ್ಟಿ ಬರೆದವರು ಮಲಯಾಳಿಗಳೇ. ಅರ್ಜಿ ಹಾಕುವುದಕ್ಕೂ, ಅರ್ಜಿ ಕರೆಯುವುದಕ್ಕೂ ಇರುವ ಅಂತರ ಇದು.

ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ ವರ್ಷಗಳ ಕಾಲ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಬೇಸಿಗೆ ಶಿಬಿರ ನಡೆಸಿದೆ. ಫಾಸ್ ಯುನೈಟೆಡ್ ಬೆಂಗಳೂರಿನಿಂದಲೇ ದೇಶದ ಕಾಲೇಜುಗಳಲ್ಲಿ ಕ್ಲಬ್‌ಗಳನ್ನು ಬೆಳೆಸುತ್ತಿದೆ. ಆದರೆ ಬೆಳಗಾವಿಯಲ್ಲಿ ಕೇಂದ್ರ ಕಚೇರಿ ಇಟ್ಟುಕೊಂಡು ಇಡೀ ರಾಜ್ಯದ ಕಾಲೇಜುಗಳನ್ನು ನಡೆಸುವ ವಿಟಿಯು ಮನಸ್ಸು ಮಾಡಿದರೆ ಆಗುವ ಕೆಲಸದ ಗಾತ್ರವೇ ಬೇರೆ. ಇಂಟರ್ನ್‌ಶಿಪ್ ಕಡ್ಡಾಯ ಮಾಡಿದ್ದಾರೆ, ಸರಿ. ಅದರ ಫಲವಾಗಿ ದುಡ್ಡು ಕೊಟ್ಟರೆ ಸರ್ಟಿಫಿಕೇಟ್ ಕೊಡುವ ಅಂಗಡಿಗಳು ಹುಟ್ಟಿಕೊಂಡಿರುವುದು ಕ್ಯಾಂಪಸ್ಸಿನಲ್ಲಿ ಎಲ್ಲರಿಗೂ ಗೊತ್ತಿರುವ ಗುಟ್ಟು. ಅದರ ಬದಲು, ಸಾರ್ವಜನಿಕವಾಗಿ ಪರಿಶೀಲಿಸಬಹುದಾದ ಓಪನ್ ಸೋರ್ಸ್ ಕೆಲಸವನ್ನು ಇಂಟರ್ನ್‌ಶಿಪ್ ಕ್ರೆಡಿಟ್ ಎಂದು ಎಣಿಸುವುದನ್ನು ಎಲ್ಲ ಕಾಲೇಜುಗಳ ರೂಢಿ ಮಾಡಲಿ. ಯಾವ ದಿನ ಯಾವ ಸಾಲು ಬರೆದರು, ಯಾರು ಪರಿಶೀಲಿಸಿದರು ಎಲ್ಲವೂ ಗಿಟ್‌ಹಬ್‌ನಲ್ಲಿ ಬಿಚ್ಚಿಟ್ಟಿರುತ್ತದೆ. ಆಗ 'ಬಿಡುವಿನ ಕೆಲಸ' ಕ್ಲಾಸಿನ ಕೆಲಸವೇ ಆಗುತ್ತದೆ. ಹೊಲಕ್ಕೆ ಹೋಗಬೇಕಾದವರಿಗೂ, ಡೆಲಿವರಿ ಮಾಡುವವರಿಗೂ ಅದಕ್ಕೊಂದು ಸಮಯ ಸಿಗುತ್ತದೆ.

ಕಾರ್ಯಕ್ರಮದವರಿಗೂ ಒಂದು ಪ್ರಶ್ನೆ

ಎಲ್ಲ ಹೊಣೆಯನ್ನು ವಿದ್ಯಾರ್ಥಿಗಳ ತಲೆಗೆ ಕಟ್ಟುವುದೂ ಸರಿಯಲ್ಲ. ಇದನ್ನು ಬೇರೆ ಥರ ನಡೆಸಬಹುದು ಅನ್ನುವುದಕ್ಕೆ ಔಟ್‌ರೀಚಿ ಎಂಬ ಇನ್ನೊಂದು ಕಾರ್ಯಕ್ರಮ ಕಣ್ಣೆದುರಿಗಿದೆ. ಗ್ನೋಮ್ ಸಮುದಾಯದಲ್ಲಿ ಮಹಿಳೆಯರಿಗಾಗಿ ಶುರುವಾದ ಪ್ರಯತ್ನದಿಂದ ಬೆಳೆದ ಅದು 7,000 ಡಾಲರ್ ಗೌರವಧನವನ್ನು ಯಾವ ದೇಶದವರಿಗಾದರೂ ಒಂದೇ ಸಮ ಕೊಡುತ್ತ ಬಂದಿದೆ. ಅರ್ಜಿಯ ಮೊದಲ ಹಂತದಲ್ಲೇ ನೀವು ಎದುರಿಸಿದ ತಾರತಮ್ಯದ ಬಗ್ಗೆ, ನಿಮ್ಮಂಥವರು ಈ ಕ್ಷೇತ್ರದಲ್ಲಿ ಎಷ್ಟಿದ್ದಾರೆ ಎಂಬ ಬಗ್ಗೆ ಕೇಳುತ್ತದೆ. ಆಮೇಲೆ ಆಯ್ದವರಿಗೆಲ್ಲ ಒಂದು ನಿಗದಿತ ಅವಧಿ ಕೊಟ್ಟು, ಆಗ ಮಾಡಿದ ಕೆಲಸ ನೋಡಿ ಆಯ್ಕೆ ಮಾಡುತ್ತದೆ. ಅಲ್ಲೂ ಸಂಬಳವಿಲ್ಲದ ಕೆಲಸ ಇದೆ. ಆದರೆ ಅದರ ಆರಂಭ, ಕೊನೆ ಎಲ್ಲರಿಗೂ ಗೊತ್ತು. ಆರು ತಿಂಗಳ ಮೊದಲೇ ಒಳಗಿದ್ದವರಿಗೆ ಮಾತ್ರ ತಿಳಿದ ಗುಟ್ಟಲ್ಲ.

ಗೂಗಲ್‌ನಷ್ಟು ದೊಡ್ಡ ಕಂಪನಿಗೆ ಮೆಂಟರ್‌ಗಳ ಸಮಯಕ್ಕೆ ದುಡ್ಡು ಕೊಡುವುದು ಕಷ್ಟವಲ್ಲ. ಎಐ ಮಾರಿ ಲಾಭ ಮಾಡುವ ಕಂಪನಿಗಳ ಸಾಲಿನಲ್ಲಿ ಅದೂ ಇದೆ. ಆ ಎಐ ಬರೆದ ಪ್ರಪೋಸಲ್‌ಗಳನ್ನು ಓದುವ ಭಾರ ಮಾತ್ರ ಸ್ವಯಂಸೇವಕರ ಮೇಲೆ ಅನ್ನುವುದು ಯಾವ ನ್ಯಾಯ?

ಕೊನೆಗೆ, ಇದರಲ್ಲಿ ರಾಜಕೀಯ ಏನಿದೆ ಅನ್ನುವವರಿಗೆ: ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡದ ಒತ್ತಕ್ಷರ ಸರಿಯಾದ ಜಾಗದಲ್ಲಿ ಕೂರುವುದು ಹಾರ್ಫ್‌ಬಝ್ ಎಂಬ ಓಪನ್ ಸೋರ್ಸ್ ಲೈಬ್ರರಿಯಿಂದ. ಅಂಥ ನೂರಾರು ಲೈಬ್ರರಿಗಳ ಮೇಲೆ ನಮ್ಮ ಬ್ಯಾಂಕು, ಸರ್ಕಾರಿ ಕಚೇರಿ, ಪತ್ರಿಕೆ ಎಲ್ಲ ನಿಂತಿವೆ. ಅಲ್ಲಿ ಯಾವ ಬಗ್ ಮೊದಲು ಸರಿಹೋಗಬೇಕು ಅಂತ ತೀರ್ಮಾನಿಸುವುದು ಅಲ್ಲಿ ಕೆಲಸ ಮಾಡುವವರು. ಆ ಕೋಣೆಯೊಳಗೆ ಹೋಗುವ ದಾರಿಗಳಲ್ಲಿ ಒಂದು ಈ ಪ್ರಪೋಸಲ್. ಈ ಸಲ ಬರೆಯುವವರು ಚಾಟ್‌ಬಾಟ್ ತೆರೆಯುವ ಮೊದಲು ಆ ಸಾಫ್ಟ್‌ವೇರನ್ನು ಒಮ್ಮೆ ತೆರೆದು, ಅದು ಎಲ್ಲಿ ಕೆಟ್ಟಿದೆ ಅಂತ ನಿಮ್ಮ ಕಣ್ಣಿಂದಲೇ ನೋಡಿ. ಈಗಾಗಲೇ ಒಳಗಿರುವವರು ನಿಮ್ಮ ಹಳೇ ಪ್ರಪೋಸಲನ್ನು, ತಿರಸ್ಕೃತವಾದದ್ದನ್ನೂ ಸೇರಿಸಿ, ಜೂನಿಯರ್‌ಗಳ ಮುಂದಿಡಿ. ಅವರಿಗೆ ಬೇಕಿರುವುದು ಕಾಪಿ ಹೊಡೆಯಲು ಪೆನ್‌ಡ್ರೈವ್ ಅಲ್ಲ. ನೀವು ಎಲ್ಲಿ ಸಿಕ್ಕಿಬಿದ್ದಿರಿ, ಹೇಗೆ ಎದ್ದು ಬಂದಿರಿ ಅನ್ನುವುದನ್ನು ಪಕ್ಕದಲ್ಲಿ ಕೂತು ಒಂದು ಗಂಟೆ ಹೇಳುವವರು.